ಮೂಲೆ ಕೇಳಿದ ಸೊಸೆ

ನಯನಳಿಗೆ ಅಂದು ಬೆಳಗ್ಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಾಲು ಕರೆಯುತ್ತ ಕರೆಯುತ್ತ ಒಂದು ಸಲ, ಮುದ್ದೆಗೆ ಎಸರಿಟ್ಟು ಇನ್ನೊಂದು ಸಲ, ಕೊಟ್ಟಿಗೆ ಬಾಚಿ ಕೈ ತೊಳೆಯುವ ಮುಂಚೆಯೇ ಮತ್ತೊಂದು ಸಲ ಮೊಬೈಲು ತೆಗೆದು ನೋಡಿದ್ದಳು. ಅವಳ ಬ್ಲಾಗನ್ನು ಮೂರು ಸಲ ನೋಡಲಾಗಿದೆ ಎಂದು ಅದು ತೋರಿಸುತ್ತಿತ್ತು. ಯಾರೋ ಮೂವರು ಪುಣ್ಯಾತ್ಮರು ಓದಿದರಲ್ಲ ಎಂದು ಅವಳು ಮಧ್ಯಾಹ್ನದವರೆಗೂ ಒಳಗೊಳಗೇ ಹಿಗ್ಗಿಕೊಂಡೇ ಓಡಾಡಿದಳು. ಆಮೇಲೆ ಇನ್ನೊಂದು ಸಲ ತೆರೆದಾಗ ಮೂರು ನಾಲ್ಕಾಯಿತು, ಮತ್ತೆ ತೆರೆದಾಗ ಐದಾಯಿತು. ಆ ಪುಣ್ಯಾತ್ಮರೆಲ್ಲ ತಾನೇ ಎಂದು ತಿಳಿದ ಮೇಲೆ ಅವಳಿಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ.

ನಯನ ಕೆರಗೋಡಿನ ತಿಮ್ಮಯ್ಯನವರ ದೊಡ್ಡ ಸೊಸೆ. ತವರು ಮಳವಳ್ಳಿ. ಅಲ್ಲಿ ಬಿ.ಎ. ಮುಗಿಸಿ, ಕಾಲೇಜಿನ ಗೋಡೆ ಪತ್ರಿಕೆಗೆ ಎರಡು ಕವನ ಬರೆದು, ಮೂರನೆಯದನ್ನು ಬರೆಯುವ ಹೊತ್ತಿಗೆ ಮದುವೆಯಾಗಿ ಈ ಮನೆ ಸೇರಿದ್ದಳು. ಗಂಡ ಸಂತೋಷ್ ವಿ.ಸಿ. ಫಾರಂನ ಕೃಷಿ ಕೇಂದ್ರದಲ್ಲಿ ಕೆಲಸಕ್ಕಿದ್ದ, ಬೆಳಗ್ಗೆ ಸಂಜೆ ಗದ್ದೆಯನ್ನೂ ನೋಡಿಕೊಳ್ಳುತ್ತಿದ್ದ. ಮಗಳು ಚಂದನ ಮಂಡ್ಯದಲ್ಲಿ ಪಿಯುಸಿ ಓದುತ್ತಿದ್ದಳು. ಮೈದುನ ಸ್ವರೂಪ್ ಮದ್ದೂರಿನ ಒಂದು ಕಾಲೇಜಿನಲ್ಲಿ ಮೇಷ್ಟ್ರು, ಹೆಂಡತಿ ಮಂಜುಶ್ರೀಯೊಡನೆ ಅಲ್ಲೇ ಬಾಡಿಗೆ ಮನೆಯಲ್ಲಿದ್ದ. ಆದರೂ ಮನೆ ಒಂದೇ, ಒಲೆ ಒಂದೇ, ಜಮೀನು ತಿಮ್ಮಯ್ಯನವರ ಹೆಸರಿನಲ್ಲೇ. ಭಾನುವಾರ ಬಂತೆಂದರೆ ಸ್ವರೂಪ್ ಬಸ್ಸು ಹತ್ತಿ ಬಂದು, ಉಂಡು, ಒಂದು ಚೀಲ ಅಕ್ಕಿಯನ್ನೋ ತರಕಾರಿಯನ್ನೋ ಹೊತ್ತುಕೊಂಡು ಹೋಗುತ್ತಿದ್ದ.

ಬ್ಲಾಗಿನ ಹುಚ್ಚು ಅವಳಿಗೆ ಹಿಡಿದದ್ದು ಮಂಡ್ಯದಿಂದ ಬರುವ ಬಸ್ಸಿನಲ್ಲಿ. ಯಾರೋ ಹುಡುಗಿಯೊಬ್ಬಳು ವಿಡಿಯೋದಲ್ಲಿ, ನಿಮ್ಮದೇ ಒಂದು ಪುಟ, ದುಡ್ಡು ಬೇಡ ಕಾಸು ಬೇಡ, ನಿಮ್ಮ ಮಾತು ನೀವೇ ಬರೆಯಿರಿ ಎಂದು ಹೇಳುತ್ತಿದ್ದಳು. ನಯನಳಿಗೆ ಅದು ತನ್ನ ಹೆಸರು ಹಿಡಿದೇ ಕರೆದ ಹಾಗೆ ಕೇಳಿಸಿತು. ಅವತ್ತಿನಿಂದ ಶುರುವಾಯಿತು ಪಡಿಪಾಟಲು. ಯಾವ ಹೆಸರಿಡಲು ಹೋದರೂ ಅದನ್ನು ಬೇರೆ ಯಾರೋ ಇಟ್ಟುಕೊಂಡುಬಿಟ್ಟಿದ್ದರು. ಹಿನ್ನೆಲೆಗೆ ಹಸಿರು ಹಾಕಿದರೆ ಅಕ್ಷರ ಕಾಣದು, ಬಿಳಿ ಹಾಕಿದರೆ ಆಸ್ಪತ್ರೆ ಚೀಟಿ ಕಂಡ ಹಾಗಾಗುವುದು. ಇಷ್ಟೆಲ್ಲ ದಾಟಿ ಬಂದ ಮೇಲೆ 'ನಿಮ್ಮ ಬಗ್ಗೆ ಬರೆಯಿರಿ' ಎಂಬ ಖಾಲಿ ಚೌಕವೊಂದು ಎದುರಿಗೆ ನಿಂತಿತು. ಅದರ ಮುಂದೆ ಅವಳು ಒಂದು ವಾರ ಒದ್ದಾಡಿದಳು. ತಿಮ್ಮಯ್ಯನವರ ದೊಡ್ಡ ಸೊಸೆ ಎಂದು ಬರೆದಳು, ಸಂತೋಷ್ ಅವರ ಹೆಂಡತಿ ಎಂದಳು, ಚಂದನಳ ತಾಯಿ ಎಂದಳು. ಎಲ್ಲ ನಿಜವೇ. ಆದರೆ ಅದರಲ್ಲಿ ತಾನೆಲ್ಲಿ ಎಂದು ಸಿಟ್ಟು ಬಂದು, ಅಷ್ಟನ್ನೂ ಅಳಿಸಿ, 'ನಯನ, ಕೆರಗೋಡು' ಎಂದಷ್ಟೇ ಇಟ್ಟಳು.

ಬರೆಯುವುದಕ್ಕೆ ಕೂರಬೇಕಲ್ಲ, ಅದು ಇನ್ನೊಂದು ಪಾಡು. ನಡುಮನೆಯಲ್ಲಿ ಮಾವ ಮತ್ತು ಟಿವಿ. ಅಡುಗೆಮನೆಯಲ್ಲಿ ಅತ್ತೆ ಯಶೋದಮ್ಮ. ಮಲಗುವ ಕೋಣೆಯಲ್ಲಿ ಬಿತ್ತನೆಯ ಚೀಲ, ಬೀರು, ಬಟ್ಟೆಯ ರಾಶಿ. ಬತ್ತದ ಮೂಟೆಗಳ ಮೇಲೆ ಕೂತರೆ ಯಾರಾದರೂ ತೌಡು ಬೇಕೆಂದು ಬರುವರು. ತಾರಸಿಗೆ ಹೋದರೆ ಪಕ್ಕದ ತಾರಸಿಯಿಂದ ಸಣ್ಣತಾಯಮ್ಮ, "ಯಾಕವ್ವ, ಉಸಾರಿಲ್ವಾ? ಮಕ ಒಂಥರಾ ಐತಲ್ಲ!" ಎಂದು ಕೂಗಿ ಬೀದಿಗೆಲ್ಲ ಸಾರುವಳು. ಹೊತ್ತು ಮೂಡಿದ ಮೇಲೆ ಸುಮ್ಮನೆ ಕೂತ ಹೆಂಗಸು ಎಂದರೆ ಆ ಬೀದಿಯ ಲೆಕ್ಕದಲ್ಲಿ ಕಾಯಿಲೆಯವಳೇ. ಕೊನೆಗೆ ಆ ಕೂರಲಾಗದ ಸಂಕಟವನ್ನೇ ನಯನ ಬರೆದಳು. ಡೈರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಎರಡು ಸಾಲು, ಬಸ್ಸಿನಲ್ಲಿ ನಾಲ್ಕು ಸಾಲು, ಹಿತ್ತಲಲ್ಲಿ ಪಾತ್ರೆ ಉಜ್ಜುವ ನಡುವೆ ಒಂದು. ಬರಹಕ್ಕೆ 'ಒಂದು ಮೂಲೆ' ಎಂದು ಹೆಸರಿಟ್ಟು, ಕಣ್ಣು ಮುಚ್ಚಿ ಗುಂಡಿ ಒತ್ತಿಬಿಟ್ಟಳು.

ತಾನೊಬ್ಬಳೇ ಓದಿಕೊಂಡು ಕೂರುವುದಕ್ಕೆ ಇಷ್ಟು ಕಷ್ಟ ಪಡಬೇಕಿತ್ತೇ ಎನಿಸಿ, ಅದನ್ನು ಮಳವಳ್ಳಿಯ ಗೆಳತಿ ದೀಪಿಕಳಿಗೆ ಕಳಿಸಿದಳು. ದೀಪಿಕ ಓದಿ, ಅತ್ತು, ಅಷ್ಟಕ್ಕೆ ಸುಮ್ಮನಿರದೆ ತನ್ನ ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದಳು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ ಭಗವಂತನಿಗೇ ಗೊತ್ತು. ಎರಡೇ ದಿನದಲ್ಲಿ ಸಂಖ್ಯೆ ನೂರು ದಾಟಿತು, ಇನ್ನೂರು ದಾಟಿತು. ಮದ್ದೂರಿನ ಯಾರೋ ಒಬ್ಬಾಕೆ, 'ಅಕ್ಕ, ನಮ್ಮ ಮನೆಗೂ ಬಂದು ನೋಡಿ ಬರೆದಿರಾ?' ಎಂದು ಕೆಳಗೆ ಬರೆದಿದ್ದಳು. ನಯನ ಅದನ್ನೇ ಮತ್ತೆ ಮತ್ತೆ ಓದುತ್ತ ನಿಂತಳು. ಅನ್ನಕ್ಕೆ ಇಟ್ಟ ನೀರು ಆವಿಯಾಗಿ ಪಾತ್ರೆ ಸೀದಿತು. ಅತ್ತೆ ಬೈದರು, ಅದೂ ಕಿವಿಗೆ ಬೀಳಲಿಲ್ಲ.

ಆದರೆ ಊರಿನವರು ಅದನ್ನು ಓದಿದ ರೀತಿಯೇ ಬೇರೆ. ಆ ಸೀಮೆಯಲ್ಲಿ ಯಾರೂ ಅಪ್ಪನ ಮುಂದೆ ನಿಂತು ಭಾಗ ಕೊಡು ಎಂದು ಕೇಳುವುದಿಲ್ಲ. ಕೇಳಿದರೆ ಮಾನ ಹೋಯಿತು. ಭಾಗ ಬೇಕಾದವರು ಮೊದಲು ಮಾತನ್ನು ಹೊರಗೆ ಬಿಡುತ್ತಾರೆ. ಯಾವುದೋ ಮದುವೆ ಮನೆಯಲ್ಲಿ, ಯಾವುದೋ ನೆಂಟರ ಕಿವಿಯಲ್ಲಿ, ಮನೆ ಸಾಲುತ್ತಿಲ್ಲ, ಹೆಂಗಸರಿಗೆ ಕಷ್ಟ ಎಂದು ಒಂದು ಮಾತು. ಅದು ಊರೂರು ಸುತ್ತಿಕೊಂಡು, ಮೂರನೆಯವರ ಬಾಯಿಂದ ಯಜಮಾನನ ಕಿವಿಗೆ ಬಂದು ಬೀಳುತ್ತದೆ. ಆಗ ಯಜಮಾನ ತಾನಾಗಿಯೇ ಬೀಗರನ್ನು ಕರೆಸಿ ಕೂರಿಸಬೇಕು. ಬ್ಲಾಗು ಏನೆಂದು ತಿಮ್ಮಯ್ಯನವರಿಗೆ ಗೊತ್ತಿರಲಿಲ್ಲ, ಆದರೆ ಇದು ಚೆನ್ನಾಗಿ ಗೊತ್ತಿತ್ತು. ಡೈರಿಯ ಬಳಿ ಯಾರೋ, "ದೊಡ್ಡ ಸೊಸೆ ಮನೇಲಿ ಮೂಲೆ ಕೇಳವ್ಳಂತೆ? ಮದ್ದೂರ್ ಕಡೆಯೋರೆಲ್ಲ ಮಾತಾಡ್ತಾವ್ರೆ" ಎಂದಾಗ ಅವರು ಹಾಲಿನ ಕ್ಯಾನು ಕೆಳಗಿಟ್ಟು, "ಓ, ಬಂತಾ?" ಎಂದಷ್ಟೇ ಅಂದರು. ಮನೆಗೆ ಬಂದವರು ಸೊಸೆಯನ್ನು ಒಂದು ಮಾತೂ ಕೇಳಲಿಲ್ಲ. ಮಳವಳ್ಳಿಗೆ ಫೋನು ಹಾಕಿ, ನಯನಳ ಅಣ್ಣ ಶಿವರಾಮುವಿಗೆ, "ಬಾನ್ವಾರ ಬಂದೋಗಿ ಬೀಗ್ರೆ, ಮಾತೈತೆ" ಎಂದರು.

ಸಂಜೆ ಸಂತೋಷ್ ಕೊಟ್ಟಿಗೆಗೇ ಹುಡುಕಿಕೊಂಡು ಬಂದ.

"ನಾನ್ ನಿಂಗೇನ್ ಕಮ್ಮಿ ಮಾಡಿವ್ನಿ? ಯೋಳು. ಫಾರಂ ತಾವ ಹೋದ್ರೆ ಯಾವಾಗಪ್ಪ ಭಾಗ ಅಂತಾರೆ. ತಲೆ ಎತ್ತಕ್ಕಾಯ್ತಾ ಇಲ್ಲ ನಂಗೆ."

"ಭಾಗ ಯಾರ್ರೀ ಕೇಳಿದ್ದು?"

"ಮೂಲೆ ಕೇಳಿದ್ಯಲ್ಲ, ಇನ್ನೇನ್ ಕೇಳ್ಬೇಕು? ಅಳ್ಸಾಕು ಅದ್ನ."

"ನೀವ್ ಓದಿದ್ರಾ?"

ಸಂತೋಷ್ ಎಮ್ಮೆಯ ಕಡೆ ನೋಡಿದ. "ನಂಗೆಲ್ಲೈತೆ ಪುರುಸೊತ್ತು?"

ಊರೆಲ್ಲ ಓದಿದೆ, ಇವರೊಬ್ಬರಿಗೆ ಪುರುಸೊತ್ತಿಲ್ಲ! ಅಳಿಸುವುದೇನೂ ದೊಡ್ಡದಲ್ಲ, ಬೆರಳು ಇಟ್ಟರೆ ಸಾಕು. ಭಾನುವಾರದವರೆಗಿನ ಮೂರು ದಿನ ನಯನ ಅಳಿಸುವ ಗುಂಡಿಯವರೆಗೆ ಹೋಗಿ ಹೋಗಿ ವಾಪಸು ಬಂದಳು. 'ನಿಜವಾಗಿಯೂ ಅಳಿಸಬೇಕೆ?' ಎಂದು ಮೊಬೈಲು ಪ್ರತಿ ಸಲ ಮರ್ಯಾದೆಯಿಂದ ಕೇಳುತ್ತಿತ್ತು. ನೀನು ನಿಜವಾಗಿಯೂ ಏನು ಬಯಸುತ್ತೀಯೆಂದು ಅವಳನ್ನು ಹಾಗೆ ಕೇಳಿದ್ದು ಆ ಮನೆಯಲ್ಲಿ ಅದೊಂದೇ. ಕಸ ಗುಡಿಸಲು ಹೋದವಳು ಪೊರಕೆ ಹಿಡಿದು ನಿಂತುಬಿಡುವಳು, ನೀರಿಗೆ ಹೋದವಳು ಕೊಡ ಮರೆತು ಬರುವಳು. ಮನೆ ಒಡೆದವಳು ಎಂಬ ಹೆಸರು ಹೊತ್ತು ಈ ಊರಲ್ಲಿ ಬಾಳುವುದು ಹೇಗೆ ಎಂಬ ಭಯ ಒಂದು ಕಡೆ. ಅಷ್ಟು ವರ್ಷಕ್ಕೆ ತನ್ನದು ಅಂತ ಆಗಿದ್ದು ಆ ಒಂದು ಪುಟ, ಅದನ್ನೂ ತನ್ನ ಕೈಯಾರೆ ಒರೆಸಿಹಾಕಬೇಕೆ ಎಂಬ ಸಂಕಟ ಇನ್ನೊಂದು ಕಡೆ.

ಶನಿವಾರ ಮಧ್ಯಾಹ್ನ ಸೊಪ್ಪು ಸೋಸುತ್ತಿದ್ದಾಗ ಯಶೋದಮ್ಮ ತಲೆ ಎತ್ತದೆ ಮಾತಾಡಿದರು.

"ನೋಡವ್ವ, ನಾಳೀಕೆ ನಿಮ್ಮಣ್ಣ ಬತ್ತಾನೆ. ಎಲ್ರ ಮುಂದ್ಲೂ ಒಂದೇ ಒಂದ್ ಮಾತು ಅಂದ್ಬುಡು. ನಾನ್ ಬರೀನಿಲ್ಲ, ಯಾರ್ದೋ ಎತ್ತಿ ಆಕ್ದೆ ಅನ್ನು. ಮುಗ್ದೋಯ್ತದೆ."

"ನಾನೇ ಬರ್ದಿರದು ಅತ್ತೆ."

"ನಂಗೊತ್ತಿಲ್ವಾ? ನನ್ ಮಾತೂ ಅದ್ರಲ್ಲಿ ಬಂದೈತಂತಲ್ಲ. ಏನ್ ಬರ್ದಿದ್ದೀಯ ಅಂತ ನಾನ್ ಕೇಳಕಿಲ್ಲ. ಬರೀನಿಲ್ಲ ಅನ್ನು, ಅಷ್ಟೇಯ."

"ಸುಳ್ಳ್ ಯೋಳ್ಲಾ?"

"ಯೋಳು. ಮನೆ ಅಂದ್ಮೇಲೆ ಯೋಳ್ಬೇಕು ಕಣಮ್ಮ." ಇಷ್ಟಂದು ಯಶೋದಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು. ಸಾಮಾನ್ಯವಾಗಿ ಸೊಸೆಯನ್ನು ಬೈಯುವುದಕ್ಕೆ ಹಿಂದೆಮುಂದೆ ನೋಡದ ಅತ್ತೆ ಅಂದು ಬೈಯದೆ ಬೇಡಿಕೊಂಡದ್ದು ನಯನಳಿಗೆ ವಿಚಿತ್ರವೆನಿಸಿತು. ಸರಿ, ಹಾಗೇ ಹೇಳಿಬಿಡುತ್ತೇನೆ, ಪೀಡೆ ಹೋಗಲಿ ಎಂದು ಅವಳು ಅಲ್ಲೇ ತೀರ್ಮಾನ ಮಾಡಿದಳು.

ಭಾನುವಾರ ಜಗಲಿಯ ಮೇಲೆ ಚಾಪೆ ಹಾಸಿತ್ತು. ತಿಮ್ಮಯ್ಯ ಕಂಬಕ್ಕೊರಗಿ ಕೂತಿದ್ದರು. ಶಿವರಾಮು ತಂಗಿಯ ಮುಖ ನೋಡದೆ ಗದ್ದೆಯ ಕಡೆ ನೋಡುತ್ತಿದ್ದ. ಕೊಯ್ಲಿಗೆ ಬಂದ ಬತ್ತ ಬಿಸಿಲಿಗೆ ಹಳದಿಯಾಗಿ ನಿಂತಿತ್ತು. ಸಂತೋಷ್ ಕೂರದೆ ಬೈಕಿನ ಪಕ್ಕ ನಿಂತಿದ್ದ. ಸ್ವರೂಪ್ ಒಬ್ಬನೇ ಮದ್ದೂರಿನಿಂದ ಬಂದಿದ್ದ, ಮಂಜುಶ್ರೀಗೆ ತಲೆನೋವಂತೆ. ಬಾಗಿಲ ಒಳಗೆ ಯಶೋದಮ್ಮ, ಬಾಗಿಲ ಹೊರಗೆ ನಯನ.

"ಅತ್ಗೇದು ತಪ್ಪೇನಿಲ್ಲ ಅಪ್ಪ," ಎಂದು ಸ್ವರೂಪ್ ಮೊದಲೇ ಶುರುಮಾಡಿದ. "ಪಾಪ, ಅವ್ರಿಗೆ ಕಷ್ಟ ಆಗೈತೆ. ಬಾಯ್ಬಿಟ್ಟು ಕೇಳಕ್ಕಾಗ್ದೆ ಬರ್ದವ್ರೆ. ನಾವೇ ಅರ್ಥ ಮಾಡ್ಕಬೇಕು."

"ಮೊದ್ಲು ಓದ್ಲಾ, ಏನೈತೆ ಕೇಳಮ," ಎಂದರು ತಿಮ್ಮಯ್ಯ.

ಸ್ವರೂಪ್ ಮೇಷ್ಟ್ರಲ್ಲವೇ, ಓದುವುದರಲ್ಲಿ ಗಟ್ಟಿಗ. ಮೊಬೈಲನ್ನು ಎದೆಮಟ್ಟಕ್ಕೆ ಹಿಡಿದು, ನಿಲ್ಲಿಸುವ ಕಡೆ ನಿಲ್ಲಿಸಿ ಓದಿದ.

"'ಈ ಮನೆಯಲ್ಲಿ ಹಸುವಿಗೆ ಒಂದು ಗೂಟವಿದೆ, ಬೈಕಿಗೆ ಒಂದು ನೆರಳಿದೆ, ದೇವರಿಗೆ ಒಂದು ಗೂಡಿದೆ. ನಾನು ಕೂತರೆ ಮಾತ್ರ ಯಾರದೋ ದಾರಿಗೆ ಅಡ್ಡ. ನಮ್ಮ ಅತ್ತೆ ಊಟಕ್ಕೆ ಕೂತದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಒಲೆಯ ಪಕ್ಕ ನಿಂತೇ ನಾಲ್ಕು ತುತ್ತು ಉಂಡು ಕೈ ತೊಳೆಯುತ್ತಾರೆ. ಯಾಕೆಂದು ಕೇಳಿದರೆ, ಕೂತರೆ ಏಳಬೇಕಲ್ಲವ್ವ ಅನ್ನುತ್ತಾರೆ. ಮೊನ್ನೆ ನಾನೂ ನಿಂತೇ ಉಂಡೆ. ಅದು ನನಗೆ ಗೊತ್ತಾಗಿದ್ದು ಕೈ ತೊಳೆದ ಮೇಲೆ. ಭಯವಾಯಿತು. ನನಗೆ ಈ ಮನೆಯಲ್ಲಿ ಒಂದು ಮೂಲೆ ಬೇಕು.'"

ಸ್ವರೂಪ್ ಮೊಬೈಲು ಕೆಳಗಿಳಿಸಿದ. "ಅಷ್ಟೇ ಅಪ್ಪ, ಕೊನೇವರ್ಗೂ ಓದ್ದೆ."

ನಯನಳಿಗೆ ನಾಚಿಕೆಯಾಗಬೇಕಿತ್ತು, ಆದರೆ ಆ ಹಾಳು ಮನಸ್ಸು ಆಗ ಏನಂದಿತು ಗೊತ್ತೇ? ಪರವಾಗಿಲ್ಲವೇ, ಚೆನ್ನಾಗೇ ಬರೆದಿದ್ದೇನೆ ಅಂದಿತು. ಅವಳ ಮಾತನ್ನು ಈ ಜಗಲಿಯ ಗಂಡಸರು ನಡುವೆ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲು. ಸಂತೋಷ್ ಕೂಡ ಬಾಯಿ ಬಿಟ್ಟುಕೊಂಡು ಕೇಳಿದ್ದ.

"ಯೋಳವ್ವ," ಎಂದ ಶಿವರಾಮು, ನೆಲ ನೋಡುತ್ತ. "ನಮ್ ಮನೆ ಎಣ್ಮಗಳು ಮನೆ ಒಡ್ಯೋ ಮಾತಾಡ್ತಾಳೆ ಅಂತ ನಾನ್ ನಂಬಕಿಲ್ಲ. ನೀನೇ ಬರ್ದಿದ್ದಾ ಇದ್ನ?"

ಬಾಗಿಲ ಒಳಗಿಂದ ಬಳೆಯ ಸದ್ದಾಯಿತು. ಬರೆಯಲಿಲ್ಲ ಅನ್ನು ಎಂದು ಅತ್ತೆ ಸನ್ನೆ ಮಾಡುತ್ತಿದ್ದರು. ಸಂತೋಷನ ಕಣ್ಣೂ ಅದನ್ನೇ ಬೇಡುತ್ತಿತ್ತು. ಹೇಳಿಬಿಡಬೇಕೆಂದು ಅವಳು ಬಾಯಿ ತೆರೆದಳು. ಆದರೆ ಸ್ವರೂಪ್ ಓದಿ ನಿಲ್ಲಿಸಿದ ಜಾಗ ಅವಳಿಗೆ ಚುಚ್ಚುತ್ತಿತ್ತು. ತನ್ನ ಬರಹ ಅಲ್ಲಿ ಮುಗಿದಿರಲಿಲ್ಲ. ತಾನು ಅತ್ತು ಅತ್ತು ಬರೆದ ಕೊನೆಯನ್ನು ಕತ್ತರಿಸಿ, ಇಷ್ಟೇ ಎಂದು ಇಟ್ಟುಬಿಟ್ಟನಲ್ಲ ಎಂದು ಅವಳಿಗೆ ತಡೆಯಲಾರದ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಮನೆ, ಮಾನ, ಮಾಡಿಕೊಂಡ ತೀರ್ಮಾನ ಯಾವುದೂ ನೆನಪಾಗಲಿಲ್ಲ.

"ನಾನೇ ಬರ್ದಿದ್ದು ಕಣಣ್ಣ. ಆದ್ರೆ ಸ್ವರೂಪ ಪೂರ್ತಿ ಓದ್ನಿಲ್ಲ."

"ಮಿಕ್ಕಿದ್ದು ಎಂತದೂ ಇಲ್ಲ ಅತ್ಗೆ, ಸುಮ್ನೆ..."

"ಸುಮ್ನೆ ಅಲ್ಲ. ಕೊಡಿಲ್ಲಿ." ಅವಳು ಗಂಡಸರ ನಡುವೆ ನಡೆದುಹೋಗಿ ಮೈದುನನ ಕೈಯಿಂದ ಮೊಬೈಲು ತೆಗೆದುಕೊಂಡಳು. ಮಿಕ್ಕಿದ್ದನ್ನು ತಾನೇ ಓದಿದಳು.

"'ಹಾಗಂತ ಬೇರೆ ಮನೆ ಬೇಡ, ಬೇರೆ ಒಲೆ ಬೇಡ. ಮಾವನ ಕೆಮ್ಮು, ಅತ್ತೆಯ ಬೈಗುಳ, ಭಾನುವಾರದ ಗಲಾಟೆ ಇಲ್ಲದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಈ ಗಲಾಟೆಯ ನಡುವೆಯೇ ಒಂದು ಮೂಲೆ, ದಿನಕ್ಕೆ ಒಂದು ಗಂಟೆ. ಅಲ್ಲಿ ಕೂತರೆ ಹುಷಾರಿಲ್ಲವಾ ಎಂದು ಯಾರೂ ಕೇಳಬಾರದು. ಇಷ್ಟೇ ನನ್ನ ಆಸೆ.'"

ತಿಮ್ಮಯ್ಯ ಸೊಸೆಯನ್ನಲ್ಲ, ಚಿಕ್ಕ ಮಗನನ್ನು ನೋಡಿದರು.

"ಲೇ ಸ್ವರೂಪ. ಓದಕ್ಕೆ ಬರೋನು ನೀನು. ಇದ್ನ ಯಾಕ್ಲಾ ಬುಟ್ಟೆ?"

"ನೋಡ್ನಿಲ್ಲ ಅಪ್ಪ."

"ಊರೂರ್ಗೆಲ್ಲ ಕಳ್ಸಕ್ಕೆ ಕಣ್ ಕಾಣ್ತಿತ್ತು, ಇದ್ಕೆ ಕಾಣ್ನಿಲ್ವಾ? ಮದ್ದೂರಿಂದ್ಲೇ ಬಂದಿದ್ದು ಮಾತು ಅಂತ ನಂಗೂ ಗೊತ್ತು. ಈಗ ಯೋಳು, ಭಾಗ ಬೇಕಾಗಿರದು ಯಾರ್ಗೆ?"

ಸ್ವರೂಪ್ ಚಾಪೆಯ ಅಂಚು ಕೀಳುತ್ತ ಕೂತ. ಮಕ್ಕಳಿಗೆ ಪಾಠ ಹೇಳುವ ಬಾಯಿ ಅದು, ಅಂದು ತೊದಲಿತು. "ಮದ್ದೂರಲ್ಲಿ ಒಂದ್ ಸೈಟು ನೋಡಿವ್ನಿ. ಮೂರ್ ವರ್ಷದಿಂದ ಕೇಳ್ಬೇಕು ಅಂತಿದ್ದೆ, ಬಾಯಿ ಬರ್ನಿಲ್ಲ. ಅತ್ಗೆ ಬರ್ದಿದ್ದು ನೋಡ್ದೆ. ಹೆಂಗೂ ಮಾತು ಬತ್ತದಲ್ಲ ಅಂತ ನಾಕ್ ಜನಕ್ಕೆ ಕಳ್ಸ್ದೆ..."

"ಹೆಣ್ಮಗಳ ಬೆನ್ನಿಂದೆ ನಿಂತ್ಕಂಡು ಭಾಗ ಕೇಳ್ದಾ!" ಎಂದು ಸಂತೋಷ್ ಬೈಕು ಬಿಟ್ಟು ಮುಂದೆ ಬಂದ. ಶಿವರಾಮು ಎದ್ದು ಅವನ ತೋಳು ಹಿಡಿದುಕೊಂಡ. ತಿಮ್ಮಯ್ಯ ಕೈ ಎತ್ತಿದರು.

"ಬುಡ್ಲಾ. ಬಾಯಿಗ್ ಬಂತಲ್ಲ, ಇನ್ನೇನೈತೆ? ಕುಯ್ಲು ಮುಗೀಲಿ. ಆಮೇಲೆ ಜಮೀನ್ ಅಳ್ದು ಕೊಟ್ಬುಡಮ." ಮಾತು ಗಟ್ಟಿಯಾಗಿಯೇ ಇತ್ತು, ಆದರೆ ಏಳುವಾಗ ಕಂಬ ಹಿಡಿದುಕೊಂಡು ಎದ್ದರು.

ಸ್ವರೂಪ್ ಯಾರನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡ. "ಉಂಡೋಗ್ಲಾ" ಎಂದು ಒಳಗಿಂದ ಯಶೋದಮ್ಮ ಕೂಗಿದರು. ಅವನು ಕೇಳಿಸದವನ ಹಾಗೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಶಿವರಾಮು ಹೊರಡುವ ಮುಂಚೆ ತಂಗಿಯ ಹತ್ತಿರ ಬಂದು, "ಚೆನ್ನಾಗ್ ಬರ್ದಿದ್ದೀಯ ಕಣವ್ವ" ಎಂದ. ನಯನಳಿಗೆ ಅಷ್ಟು ದಿನದ ಒದ್ದಾಟವೆಲ್ಲ ಒಮ್ಮೆಗೇ ಇಳಿದ ಹಾಗಾಯಿತು. ಮನೆ ಒಡೆದವಳು ತಾನಲ್ಲ ಎಂದು ಎಲ್ಲರಿಗೂ ಗೊತ್ತಾಯಿತಲ್ಲ, ಬರೆದ ಒಂದಕ್ಷರವನ್ನೂ ಅಳಿಸದೆ ಉಳಿದೆನಲ್ಲ. ಅತ್ತೆಗೂ ಸಮಾಧಾನವಾಗಿರುತ್ತದೆ ಎಂದುಕೊಂಡೇ ಅವಳು ಅಡುಗೆಮನೆಗೆ ಹೋದಳು.

ಯಶೋದಮ್ಮ ಒಲೆಯ ಮುಂದೆ ನಿಂತಿದ್ದರು. ಸ್ವರೂಪನಿಗೆಂದು ಬಡಿಸಿದ್ದ ತಟ್ಟೆಯಲ್ಲಿ ಮುದ್ದೆ ಆರಿತ್ತು.

"ಒಂದ್ ಮಾತು ಅನ್ನು ಅಂದಿದ್ದೆ. ಅನ್ನಕ್ಕಾಗ್ನಿಲ್ಲ ನಿಂಗೆ."

"ಅತ್ತೆ, ಭಾಗ ಕೇಳಿದ್ದು ನಾನಲ್ಲ. ಸ್ವರೂಪನೇ ಒಪ್ಕಂಡ್ನಲ್ಲ."

"ಅವ್ನ್ ಮನ್ಸಲ್ಲಿರದು ನಂಗೆ ಮೂರ್ ವರ್ಸದಿಂದ್ಲೂ ಗೊತ್ತಿತ್ತು ಕಣಮ್ಮ. ನಾನ್ ಗೊತ್ತಿಲ್ದಂಗಿದ್ದೆ, ಅವ್ನು ಏನೂ ಇಲ್ದಂಗಿದ್ದ. ಸುಳ್ಳೋ ನಿಜ್ವೋ, ಬಾನ್ವಾರ ಬಂದ್ರೆ ನನ್ ಕೈಲಿ ಉಂಡೋಯ್ತಿದ್ದ. ಇನ್ ಅವ್ನು ಬಂದ್ರೂ ನೆಂಟ್ನಂಗೆ ಬತ್ತಾನೆ."

ನಯನ ಆರಿದ ಮುದ್ದೆಯ ತಟ್ಟೆ ಎತ್ತಿಡಲು ಕೈ ಚಾಚಿದಳು.

ಯಶೋದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸ್ವರೂಪ್ ಕೂರುತ್ತಿದ್ದ ಕಡೆ ಮಣೆ ನೂಕಿ, ತಟ್ಟೆ ಅದರ ಮುಂದಿಟ್ಟರು.

"ಕೂತ್ಕ ಬಾ. ಮೂಲೆ ಖಾಲಿಯಾಯ್ತಲ್ಲ."

ನಯನ ಕೂರಲಿಲ್ಲ.